ಮೂರು ಹೊತ್ತು ಉಂಡವನು ರೋಗಿಯೇ?



ಈ ಸಲ ಹಳೆಯ ನೆನಪಿಗಿಂತ ಹಳೆಯ ತಪ್ಪೊಂದನ್ನು ಬರೆಯಬೇಕಾಗಿದೆ. ನನ್ನ ಕೈಯಲ್ಲಿ ಓದಿದವರಿಗೆ ನಮ್ಮ ಪ್ರೌಢಶಾಲೆಯ ಮುಂಬಾಗಿಲ ಪಕ್ಕದ ಕರಿಹಲಗೆ ನೆನಪಿರಬಹುದು. ದಿನಕ್ಕೊಂದು ಗಾದೆ ಬರೆಯುವುದು ಕನ್ನಡ ಪಂಡಿತರ ಕೆಲಸವಾಗಿದ್ದರೂ, ಅವರಿಗೆ ಸೀಮೆಸುಣ್ಣದ ಧೂಳು ಆಗದೆಂಬ ಕಾರಣಕ್ಕೆ ಅದು ವಿಜ್ಞಾನದ ಮೇಷ್ಟ್ರಾದ ನನ್ನ ಪಾಲಿಗೆ ಬಂದಿತ್ತು. ವರ್ಷಕ್ಕೊಮ್ಮೆಯಾದರೂ ಆ ಹಲಗೆಯ ಮೇಲೆ ನನ್ನ ದುಂಡು ಅಕ್ಷರದಲ್ಲಿ ಈ ಮಾತು ಮೂಡುತ್ತಿತ್ತು: "ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ." ನಾಲ್ಕು ಹೊತ್ತು ಉಂಡವನನ್ನು ಏನು ಮಾಡಬೇಕೆಂಬ ಕೊನೆಯ ತುಂಡನ್ನು ಹಿಂದಿನ ಬೆಂಚಿನವರು ತಾವೇ ಪೂರೈಸಿ ನಗುತ್ತಿದ್ದರು.

ಮೂವತ್ತೆರಡು ವರ್ಷ ಹಾಗೆ ಬರೆದೆ. ಇಂದು ಅದನ್ನು ಅಳಿಸಲು ಕುಳಿತಿದ್ದೇನೆ.

ಕಾರಣವಿಷ್ಟು. ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ನನ್ನ ತಮ್ಮನ ಮಗಳು ಬೆಳಗಿನ ತಿಂಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ದೊಡ್ಡಪ್ಪ, ನನಗೀಗ ಮಧ್ಯಾಹ್ನ ಒಂದೇ ಊಟ. ಎರಡು ತಿಂಗಳಲ್ಲಿ ಏಳು ಕೆಜಿ ಇಳಿದಿದ್ದೇನೆ" ಎಂದಳು. ಮನೆಯಲ್ಲಿದ್ದವರೆಲ್ಲ ಅವಳನ್ನು ಹೊಗಳಿದರು. ಒಂದು ವಾರದ ತರುವಾಯ 1989ರ ತಂಡದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಅದೇ ಬಗೆಯ ಸುದ್ದಿ ಹೇಳಿ, "ನೀವೇ ಬೋರ್ಡಿನ ಮೇಲೆ ಬರೆಯುತ್ತಿದ್ದಿರಲ್ಲ ಸಾರ್, ಈಗ ನಾನು ಯೋಗಿ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಏಕೆಂದರೆ ಆ ಯೋಗವನ್ನು ನಾನೂ ಮಾಡಿ ನೋಡಿದ್ದೆ. ಅದರ ಫಲವನ್ನು ನಿಮ್ಮಲ್ಲಿ ಹೆಚ್ಚಿನವರಿಗೆ ಇದುವರೆಗೆ ಹೇಳಿರಲಿಲ್ಲ, ಅಷ್ಟೇ.

2022ರ ಜನವರಿಯಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ನಾನು ಸಕ್ಕರೆ ಕಾಯಿಲೆಯ ಹೊಸ್ತಿಲ ಮೇಲೆ ನಿಂತಿದ್ದೇನೆಂದು ತಿಳಿಯಿತು. ತೂಕ 78 ಕೆಜಿ. ವೈದ್ಯರು "ತೂಕ ಇಳಿಸಿ" ಎಂದರು. ಹೇಗೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೇಷ್ಟ್ರಾದವನಿಗೆ ಕೇಳುವ ಅಭ್ಯಾಸ ಕಡಿಮೆ. ಮನೆಗೆ ಬಂದು ನನ್ನದೇ ಹಲಗೆಯ ಗಾದೆಯನ್ನು ಜಾರಿಗೆ ತಂದೆ. ಬೆಳಗ್ಗೆ ಜೇನುನಿಂಬೆಯ ನೀರು, ಹನ್ನೊಂದಕ್ಕೆ ಒಂದು ಬಟ್ಟಲು ರಾಗಿ ಅಂಬಲಿಗೆ ನೀರುಮಜ್ಜಿಗೆ, ಮಧ್ಯಾಹ್ನ ಎರಡು ಚಪಾತಿ, ಎಲೆಕೋಸಿನ ಪಲ್ಯ, ಒಂದು ಸೌಟು ಹುಳಿ, ಮತ್ತೆ ಮಜ್ಜಿಗೆ. ರಾತ್ರಿ ಪರಂಗಿ ಹಣ್ಣು. ಜೊತೆಗೆ ಬೆಳಗ್ಗೆ ಸಂಜೆ ಕೆರೆ ಏರಿಯ ಮೇಲೆ ನಡಿಗೆ. ಏಳು ತಿಂಗಳಲ್ಲಿ 14 ಕೆಜಿ ಇಳಿಯಿತು. ಸಕ್ಕರೆಯೂ ಇಳಿಯಿತು, ಅದನ್ನು ಒಪ್ಪಿಕೊಳ್ಳಲೇಬೇಕು. ಮದುವೆಮನೆಗಳಲ್ಲಿ ನನ್ನನ್ನು ಕರೆದು ತೋರಿಸುವವರು ಹೆಚ್ಚಾದರು. ಹಳೆಯ ಷರಾಯಿಗಳನ್ನು ದರ್ಜಿಗೆ ಕೊಟ್ಟು ಕಿರಿದು ಮಾಡಿಸಿದೆ. ಆ ದಿನಗಳಲ್ಲಿ ನನಗಿದ್ದ ಹಮ್ಮನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ವರ್ಷದ ಶ್ರಾವಣದಲ್ಲಿ ಬಂಧುಗಳೊಬ್ಬರ ಗೃಹಪ್ರವೇಶವಿತ್ತು. ಹಳೆಯ ಕ್ರಮದಂತೆ ನೆಲದ ಮೇಲೆ ಪಂಕ್ತಿ. ಕುಳಿತೆ, ಉಂಡೆ, ಎಲೆ ಮಡಿಸಿದೆ. ಎಲ್ಲರೂ ಎದ್ದರು. ನಾನು ಬಲಗೈಯನ್ನು ನೆಲಕ್ಕೆ ಊರಿದೆ. ಮೈ ಮೇಲೇಳಲಿಲ್ಲ. ಮಂಡಿಯನ್ನು ಮಡಿಸಿ ಮತ್ತೊಮ್ಮೆ ಪ್ರಯತ್ನಿಸಿದೆ. ತೊಡೆಗಳು ನಡುಗಿದವು, ಕೈ ಜಾರಿ ಎಲೆಯ ಮೇಲೆ ಬಿತ್ತು. ಎರಡನೆಯ ಪಂಕ್ತಿಯವರು ಕಾದು ನಿಂತಿದ್ದರು. ಕೊನೆಗೆ ಇಬ್ಬರು ಹುಡುಗರು ಕಂಕುಳಿಗೆ ಕೈ ಕೊಟ್ಟು ನನ್ನನ್ನು ಎತ್ತಿ ನಿಲ್ಲಿಸಿದರು. ಅವರಲ್ಲೊಬ್ಬ ನನ್ನ ವಿದ್ಯಾರ್ಥಿಯ ಮಗ. "ಪಾಪ, ಮೇಷ್ಟ್ರಿಗೆ ವಯಸ್ಸಾಯಿತು" ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು.

ವಯಸ್ಸಾದದ್ದು ನಿಜ, ಆಗ 68. ಆದರೆ ಹಿಂದಿನ ವರ್ಷ ಇದೇ ನಾನು, 78 ಕೆಜಿ ಹೊತ್ತುಕೊಂಡು, ಇಂಥದೇ ಪಂಕ್ತಿಯಿಂದ ಯಾರ ನೆರವೂ ಇಲ್ಲದೆ ಎದ್ದಿದ್ದೆ. ಹದಿನಾಲ್ಕು ಕೆಜಿ ಭಾರ ಕಡಿಮೆಯಾದ ಮೇಲೆ ಏಳುವುದು ಸುಲಭವಾಗಬೇಕಿತ್ತಲ್ಲವೇ? ಎಂಟನೆಯ ತರಗತಿಯ ಹುಡುಗನೂ ಕೇಳುವ ಪ್ರಶ್ನೆ ಇದು. ಉತ್ತರ ಸಿಕ್ಕಿದ್ದು ಹಾಸನದ ಒಬ್ಬ ಭೌತಚಿಕಿತ್ಸಕರಲ್ಲಿ. ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ನೋಡೋಣ ಎಂದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿಯ ಪ್ರಕಾರ 65ರಿಂದ 69ರ ಗಂಡಸು 12ಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯವಿದೆ ಎಂದರ್ಥ. ನಾನು ಎದ್ದದ್ದು ಐದು ಸಲ. "ಕೊಬ್ಬಿನ ಜೊತೆಗೆ ನಿಮ್ಮ ಕಾಲನ್ನೂ ಕರಗಿಸಿಕೊಂಡಿದ್ದೀರಿ ಸಾರ್" ಎಂದರು ಆ ಯುವಕ, ಬಹಳ ಮರ್ಯಾದೆಯಿಂದ.

ತಕ್ಕಡಿ ಒಂದು ಮೂಕ ಯಂತ್ರ. ಇಷ್ಟು ಕೆಜಿ ಹೋಯಿತು ಎಂದು ಹೇಳುತ್ತದೆಯೇ ಹೊರತು ಏನು ಹೋಯಿತೆಂದು ಹೇಳುವುದಿಲ್ಲ. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯಡ್ಕಿನ್ ಒಂದು ಭಾವಚಿತ್ರ ಪ್ರಕಟಿಸಿದರು. ಇಬ್ಬರೂ ಅಕ್ಕಪಕ್ಕ ನಿಂತಿದ್ದಾರೆ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ ಒಂದೇ, 22.3. ಆದರೆ ಯಡ್ಕಿನ್‌ರ ಮೈಯಲ್ಲಿ ಕೊಬ್ಬು ಶೇಕಡ 9.1, ನಮ್ಮವರ ಮೈಯಲ್ಲಿ 21.2. ನಾವು ಭಾರತೀಯರು ಸಣಕಲಾಗಿ ಕಂಡರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಇರುವ ಸ್ವಲ್ಪ ಸ್ನಾಯುವನ್ನೂ ತೂಕ ಇಳಿಸುವ ಭರದಲ್ಲಿ ಕಳೆದುಕೊಂಡರೆ ಉಳಿಯುವುದೇನು?

ಕೊಬ್ಬಿಗೆ ಶರೀರದಲ್ಲಿ ಕಣಜವಿದೆ. ಬಂದದ್ದನ್ನು ತುಂಬಿಡುತ್ತದೆ, ಬೇಕಾದಾಗ ತೆಗೆಯುತ್ತದೆ. ಪ್ರೋಟೀನಿಗೆ (ಹಳೆಯ ಪಠ್ಯಪುಸ್ತಕದಲ್ಲಿ ಓದಿದವರಿಗೆ ಸಸಾರಜನಕ) ಅಂಥ ಕಣಜವಿಲ್ಲ. ಅದು ಇರುವುದೆಲ್ಲ ಕೆಲಸ ಮಾಡುವ ಅಂಗಗಳಲ್ಲಿಯೇ, ಅದರಲ್ಲೂ ಹೆಚ್ಚಿನ ಪಾಲು ಸ್ನಾಯುಗಳಲ್ಲಿ. ಹೃದಯ, ಯಕೃತ್ತು, ರಕ್ತ, ಚರ್ಮ ಇವೆಲ್ಲಕ್ಕೂ ದಿನನಿತ್ಯ ದುರಸ್ತಿ ಬೇಕು. ಊಟದಿಂದ ಸಾಮಗ್ರಿ ಬಾರದಿದ್ದರೆ ತೊಡೆಯಿಂದ ಕಿತ್ತು ತರುತ್ತದೆ. ಕಣಜದಲ್ಲಿ ಕಾಳು ತುಂಬಿದ್ದರೂ ಒಲೆಗೆ ಮನೆಯ ತೊಲೆಯನ್ನೇ ಕಿತ್ತು ಹಾಕಿದಂತೆ. ನನ್ನ ಏಳು ತಿಂಗಳ ಆಹಾರವನ್ನು ಆಮೇಲೆ ಕೂತು ಲೆಕ್ಕ ಹಾಕಿದೆ. ಅಂಬಲಿ ಮಜ್ಜಿಗೆಯಿಂದ 5 ಗ್ರಾಂ, ಮಧ್ಯಾಹ್ನದ ಊಟದಿಂದ 13, ಎರಡು ಲೋಟ ಚಹಾದ ಹಾಲಿನಿಂದ 3, ಪರಂಗಿ ಹಣ್ಣಿನಿಂದ 1. ಒಟ್ಟು 22 ಗ್ರಾಂ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಆರೋಗ್ಯವಂತ ವಯಸ್ಕನಿಗೆ ಗೊತ್ತುಪಡಿಸಿದ ಪ್ರಮಾಣ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ. 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆಂದು 2013ರಲ್ಲಿ ಈ ವಿಷಯದ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಹೇಳಿತು. ಮೊದಲನೆಯ ಲೆಕ್ಕದಿಂದಲೂ ನನಗೆ 60 ಗ್ರಾಮಿನಷ್ಟು ಬೇಕಿತ್ತು. ಮೂರರಲ್ಲಿ ಒಂದು ಪಾಲಿನಲ್ಲಿ ಬದುಕಿದ್ದೆ. ಎಂಟನೆಯ ತರಗತಿಗೆ 'ಆಹಾರ ಮತ್ತು ಪೋಷಣೆ' ಪಾಠ ಮಾಡಿದ ಮೇಷ್ಟ್ರು!

ನಡಿಗೆಯಾದರೂ ಕಾಪಾಡಬೇಕಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. 2017ರಲ್ಲಿ ಅಮೆರಿಕದಲ್ಲಿ 65 ದಾಟಿದ 160 ಮಂದಿ ಸ್ಥೂಲಕಾಯರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ತೂಕ ಇಳಿಸುವ ಆಹಾರದ ಜೊತೆಗೆ ಕೆಲವರಿಗೆ ನಡಿಗೆಯಂಥ ವ್ಯಾಯಾಮ, ಕೆಲವರಿಗೆ ಭಾರ ಎತ್ತುವ ವ್ಯಾಯಾಮ, ಕೆಲವರಿಗೆ ಎರಡೂ. ತೂಕ ಮೂರೂ ಗುಂಪಿನಲ್ಲಿ ಒಂದೇ ಪ್ರಮಾಣದಲ್ಲಿ, ಸುಮಾರು ಶೇಕಡ 9 ಇಳಿಯಿತು. ಆದರೆ ಕೊಬ್ಬಲ್ಲದ ದೇಹಭಾಗ ನಡಿಗೆಯವರಲ್ಲಿ ಶೇಕಡ 5, ಭಾರ ಎತ್ತಿದವರಲ್ಲಿ 2, ಎರಡೂ ಮಾಡಿದವರಲ್ಲಿ 3 ಕರಗಿತ್ತು. ನಡಿಗೆ ಒಳ್ಳೆಯದು, ಬಿಡಬೇಡಿ. ಆದರೆ ಅದು ತೊಡೆಗಳಿಗೆ "ನೀವು ಬೇಕು, ಉಳಿಯಿರಿ" ಎಂದು ಹೇಳುವುದಿಲ್ಲ. ಭಾರ ಮಾತ್ರ ಹೇಳುತ್ತದೆ.

ಹೊತ್ತು ಬಿಡುವ ಉಪಾಯವನ್ನೂ ಪರೀಕ್ಷಿಸಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 116 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಮಾತ್ರ ತಿನ್ನಿ ಎಂದರು, ಇನ್ನೊಂದಕ್ಕೆ ಮೂರು ಹೊತ್ತೂ ತಿನ್ನಿ ಎಂದರು. ಫಲಿತಾಂಶ 2020ರಲ್ಲಿ ಹೊರಬಂತು. ಹನ್ನೆರಡು ವಾರಗಳ ಕೊನೆಗೆ ಎರಡು ಗುಂಪಿನ ತೂಕದ ಇಳಿತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಯಂತ್ರದಲ್ಲಿ ಮೈ ಅಳೆಸಿಕೊಂಡವರಲ್ಲಿ ನೋಡಿದರೆ, ತಿಂಡಿ ಬಿಟ್ಟವರು ಕಳೆದುಕೊಂಡ ತೂಕದ ಮೂರರಲ್ಲಿ ಎರಡು ಪಾಲು ಕೊಬ್ಬಲ್ಲದ ಭಾಗ. ಅದರಲ್ಲಿ ಸ್ವಲ್ಪ ನೀರೂ ಸೇರಿರುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮಲ್ಲಿರುವ ವೈದ್ಯರು ನನ್ನ ಕಿವಿ ಹಿಂಡುತ್ತಾರೆ. ಅಷ್ಟನ್ನು ಕಳೆದರೂ ಲಾಭದ ವ್ಯಾಪಾರವಲ್ಲ.

ಇನ್ನು ಗಾದೆಯ ವಿಚಾರ. ಒಂದು ಹೊತ್ತಿನವನನ್ನು ಯೋಗಿ ಎಂದವರು ಯಾರು? ನಾಟಿಯ ದಿನ, ಕುಯ್ಲಿನ ದಿನ ಆಳುಗಳಿಗೆ ಈ ಗಾದೆಯನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅವರಿಗೆ ಬೆಳಗಿನ ಮುದ್ದೆ, ಮಧ್ಯಾಹ್ನದ ಮುದ್ದೆ, ರಾತ್ರಿಯ ಮುದ್ದೆ, ಜೊತೆಗೆ ಹುರುಳಿಕಾಳಿನ ಸಾರು. ಹಾಗೆ ಉಂಡವರು ಯಾರೂ ರೋಗಿಗಳಾಗಿರಲಿಲ್ಲ. ಎತ್ತು ಹೂಡುತ್ತಿದ್ದರು. ಗಾದೆ ಚುಚ್ಚುತ್ತಿದ್ದದ್ದು ಜಗಲಿಯ ಮೇಲೆ ಕೂತು ಉಣ್ಣುವವರನ್ನು. ಅಷ್ಟಕ್ಕೆ ಅದನ್ನು ಬಿಟ್ಟಿದ್ದರೆ ನನ್ನ ತಕರಾರಿಲ್ಲ. ಆದರೆ ನಮ್ಮ ಮನೆಗಳಲ್ಲಿ ಅದನ್ನು ನಿಜವಾಗಿ ಪಾಲಿಸಿದವರು ಯಾರೆಂದು ಒಮ್ಮೆ ನೆನೆಯಿರಿ.

ನನ್ನ ತಂದೆಯ ತಾಯಿ ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಅಲ್ಲಿಂದ ಮುಂದೆ ಅವರಿಗೆ ಒಪ್ಪತ್ತು. ಮಧ್ಯಾಹ್ನ ಎಲ್ಲರದೂ ಆದ ಮೇಲೆ ಒಂದು ಊಟ, ರಾತ್ರಿ ನೆನೆಸಿದ ಅವಲಕ್ಕಿಯೋ ಒಂದು ಬಾಳೆಹಣ್ಣೋ. ಏಕಾದಶಿಗೆ ಅದೂ ಇಲ್ಲ. ಊರೆಲ್ಲ ಅವರನ್ನು ಯೋಗಿನಿ ಎಂದು ಹೊಗಳುತ್ತಿತ್ತು, ನಾವು ಮೊಮ್ಮಕ್ಕಳೂ ಹಾಗೆಯೇ ನಂಬಿದ್ದೆವು. ಅರವತ್ತರ ಹೊತ್ತಿಗೆ ಅವರಿಗೆ ತುಂಬಿದ ಕೊಡಪಾನ ಎತ್ತಲಾಗುತ್ತಿರಲಿಲ್ಲ. ಅರವತ್ತೈದಕ್ಕೆ ಗೋಡೆ ಹಿಡಿದು ನಡೆಯುತ್ತಿದ್ದರು. ಅರವತ್ತೇಳರಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು, ಮತ್ತೆ ಏಳಲಿಲ್ಲ. ಅದಕ್ಕೆಲ್ಲ ಒಪ್ಪತ್ತೊಂದೇ ಕಾರಣವೆಂದು ನಾನು ಸಾಧಿಸಲಾರೆ. ಆದರೆ ಪಂಕ್ತಿಯಲ್ಲಿ ನನ್ನ ತೊಡೆಗಳು ನಡುಗಿದ ದಿನ ನನಗೆ ನೆನಪಾದದ್ದು ಅವರು. ಯೋಗಿನಿ ಎಂಬ ಬಿರುದು ಕೊಟ್ಟು ಆ ಮನೆ ಅವರ ಪಾಲಿನ ಎಷ್ಟು ಊಟವನ್ನು ಉಳಿಸಿಕೊಂಡಿತು ಎಂಬ ಲೆಕ್ಕ ಯಾರೂ ಇಟ್ಟಿಲ್ಲ.

ಈಗ ಎದುರಿನ ಪಾಳೆಯಕ್ಕೆ ಬರೋಣ. ತುಮಕೂರಿನಲ್ಲಿ ವ್ಯಾಯಾಮಶಾಲೆ ನಡೆಸುವ ನನ್ನ ವಿದ್ಯಾರ್ಥಿಯೊಬ್ಬ ಈ ಕತೆ ಕೇಳಿ ಓಡಿಬಂದ, ಕೈಯಲ್ಲಿ ಒಂದು ದೊಡ್ಡ ಡಬ್ಬಿ. ಒಳ್ಳೆಯ ಮನಸ್ಸಿನ ಹುಡುಗ. ವ್ಯಾಯಾಮ ಮುಗಿದ ಮೂವತ್ತು ನಿಮಿಷದೊಳಗೆ ಈ ಪುಡಿಯನ್ನು ಕಲಸಿ ಕುಡಿಯಬೇಕು, ಒಂದು ನಿಮಿಷ ತಡವಾದರೂ ಬಾಗಿಲು ಮುಚ್ಚಿಹೋಗುತ್ತದೆ ಎಂದ. ಯಾವ ಬಾಗಿಲು, ಯಾರು ಮುಚ್ಚುವವರು ಎಂದು ಕೇಳಿದೆ. "ಎಲ್ಲರೂ ಹೇಳುತ್ತಾರೆ ಸಾರ್" ಎಂದ. ಪ್ರಯೋಗದ ಪುಸ್ತಕದಲ್ಲಿ ಪಕ್ಕದವನ ಉತ್ತರ ನೋಡಿ ಬರೆಯುತ್ತಿದ್ದವನು ಇವನೇ ಎಂದು ಆಗ ಜ್ಞಾಪಕಕ್ಕೆ ಬಂತು.

ಈ ಬಾಗಿಲಿನ ಮಾತನ್ನು 2013ರಲ್ಲಿಯೇ ಷೋನ್‌ಫೆಲ್ಡ್, ಅರಗಾನ್, ಕ್ರೀಗರ್ ಎಂಬ ಮೂವರು ತೂಗಿ ನೋಡಿದ್ದಾರೆ. ಅಲ್ಲಿಯವರೆಗಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದಾಗ, ವ್ಯಾಯಾಮದ ಆಸುಪಾಸಿನಲ್ಲಿ ಪ್ರೋಟೀನು ತಿಂದವರಿಗೆ ಲಾಭವಿರುವಂತೆ ಮೊದಲು ಕಂಡಿತು. ಆದರೆ ಅವರು ದಿನದಲ್ಲಿ ಒಟ್ಟು ತಿಂದದ್ದೇ ಹೆಚ್ಚು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಆ ಲಾಭ ಮಾಯವಾಯಿತು. ಭಾರ ಎತ್ತಿದ ಸ್ನಾಯು ಒಂದು ಇಡೀ ದಿನ ಹಸಿದೇ ಇರುತ್ತದೆ. ಅರ್ಧ ಗಂಟೆಗೆ ಕದ ಹಾಕಿಕೊಳ್ಳುವುದಿಲ್ಲ. ಬೆಳಗ್ಗೆ ಆರಕ್ಕೆ ವ್ಯಾಯಾಮ ಮಾಡಿ ಎಂಟಕ್ಕೆ ಮನೆಯ ತಿಂಡಿ ತಿಂದರೆ ಏನೂ ಕೆಡುವುದಿಲ್ಲ. ಗಡಿಯಾರದ ಭಯ ಹುಟ್ಟಿಸಿದರೆ ಡಬ್ಬಿ ಖರ್ಚಾಗುತ್ತದೆ, ಅದಷ್ಟೇ ಅದರ ಗುಟ್ಟು. ಪುಡಿ ವಿಷವಲ್ಲ, ಹಾಲಿನಿಂದ ತೆಗೆದ ಸತ್ವ. ಅಗಿಯಲಾರದವರಿಗೆ, ಕಾಯಿಲೆಯಿಂದ ಏಳುತ್ತಿರುವವರಿಗೆ ವೈದ್ಯರು ಹೇಳಿದರೆ ತೆಗೆದುಕೊಳ್ಳಲಿ. ಉಳಿದವರಿಗೆ ಅದು ಬೇಡವೆಂದು 2024ರಲ್ಲಿ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ.

ಹಾಗಾದರೆ ಹೊತ್ತಿಗೆ ಬೆಲೆಯೇ ಇಲ್ಲವೇ? ಇಲ್ಲಿ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ, ಅದನ್ನು ನಿಮ್ಮಿಂದ ಮುಚ್ಚಿಡುವುದು ಮೇಷ್ಟ್ರಿಗೆ ತಕ್ಕದ್ದಲ್ಲ. 2014ರ ಒಂದು ಪ್ರಯೋಗದಲ್ಲಿ ಮೂರು ಹೊತ್ತೂ ಸಮನಾಗಿ ಸುಮಾರು 30 ಗ್ರಾಂ ತಿಂದವರ ಸ್ನಾಯು ನಿರ್ಮಾಣ, ರಾತ್ರಿಯೇ ಹೆಚ್ಚು ತಿಂದವರಿಗಿಂತ ಶೇಕಡ 25ರಷ್ಟು ಹೆಚ್ಚಿತ್ತು. ಅದಕ್ಕೆ ಮೊದಲು 1999ರಲ್ಲಿ ಫ್ರಾನ್ಸಿನಲ್ಲಿ ವೃದ್ಧೆಯರ ಮೇಲೆ ನಡೆದ ಪ್ರಯೋಗ ಇದರ ತಲೆಕೆಳಗು. ದಿನದ ಪ್ರೋಟೀನಿನ ಶೇಕಡ 80ನ್ನು ಮಧ್ಯಾಹ್ನವೇ ತಿಂದವರಲ್ಲಿ ಅದು ದೇಹಕ್ಕೆ ಹೆಚ್ಚು ದಕ್ಕಿತ್ತು. 2023ರಲ್ಲಿ ನೆದರ್ಲೆಂಡ್ಸಿನವರು ಯುವಕರಿಗೆ ಒಂದೇ ಸಲ 100 ಗ್ರಾಂ ಹಾಲಿನ ಪ್ರೋಟೀನು ಕುಡಿಸಿ, ಅದು ವ್ಯರ್ಥವಾಗದೆ ಹನ್ನೆರಡು ಗಂಟೆಗೂ ಮೀರಿ ಸ್ನಾಯುವಿಗೆ ಸೇರುತ್ತಲೇ ಇತ್ತೆಂದು ತೋರಿಸಿದರು.

ನನ್ನ ತಮ್ಮನ ಮಗಳು ಬುದ್ಧಿವಂತೆ. ಈ ಕೊನೆಯ ಪ್ರಯೋಗವನ್ನೇ ಮೊಬೈಲಿನಲ್ಲಿ ತೋರಿಸಿ, "ನೋಡಿ ದೊಡ್ಡಪ್ಪ, ಒಂದೇ ಊಟ ಸಾಕಂತೆ" ಎಂದಳು. ಆ ಮಧ್ಯಾಹ್ನ ಅವಳು ಉಂಡೆದ್ದ ಮೇಲೆ ನಾನು ಕಾಗದ ತೆಗೆದುಕೊಂಡೆ. ಎರಡು ಚಪಾತಿ 6, ಒಂದು ಬಟ್ಟಲು ಅನ್ನ 3, ಎರಡು ಸೌಟು ಹುಳಿ 6, ಪಲ್ಯ 2, ಕೋಸಂಬರಿ 3, ಮೊಸರು 3. ಒಟ್ಟು 23 ಗ್ರಾಂ. ಅದು ಅವಳ ಇಡೀ ದಿನದ್ದು. ನೆದರ್ಲೆಂಡ್ಸಿನ ಹುಡುಗರ ನೂರು ಗ್ರಾಮನ್ನು ನಮ್ಮ ಕಾಳುಗಳಿಂದ ಪಡೆಯಬೇಕಾದರೆ, ಹುರುಳಿಯಲ್ಲಾಗಲಿ ತೊಗರಿಯಲ್ಲಾಗಲಿ ಇರುವುದು ನೂರಕ್ಕೆ 22ರಷ್ಟಾದ್ದರಿಂದ, ಒಂದೇ ಸಲಕ್ಕೆ ಸುಮಾರು 450 ಗ್ರಾಂ ಒಣಕಾಳನ್ನು ಬೇಯಿಸಿ ತಿನ್ನಬೇಕು. ನನಗೆ ಬೇಕಾದ 70 ಗ್ರಾಮಿಗಾದರೂ 300 ಗ್ರಾಮಿಗೂ ಮೀರಿದ ಕಾಳು. ಬೆಂದ ಮೇಲೆ ಅದೆಷ್ಟು ದೊಡ್ಡ ಪಾತ್ರೆಯಾಗುತ್ತದೆಂದು ನಿಮ್ಮ ನಿಮ್ಮ ಮನೆಯಾಕೆಯರನ್ನು ಕೇಳಿ. ಆ ರಾತ್ರಿಯ ಹೊಟ್ಟೆಯುಬ್ಬರದ ಮಾತು ಬೇರೆ.

ನನ್ನ ಇಡೀ ವಾದ ಇರುವುದು ಇಲ್ಲಿ. ಕಾಳು, ಹಾಲು, ಮೊಸರಿನಿಂದ ಬದುಕುವ ನಮ್ಮ ಮಟ್ಟಿಗೆ ಊಟದ ಹೊತ್ತು ಗಡಿಯಾರದ ಪ್ರಶ್ನೆಯೇ ಅಲ್ಲ, ಹೊಟ್ಟೆಯ ಅಳತೆಯ ಪ್ರಶ್ನೆ. ಒಂದು ಹೊತ್ತನ್ನು ಬಿಟ್ಟರೆ ಆ ಹೊತ್ತಿನ ಪ್ರೋಟೀನನ್ನು ಉಳಿದ ಹೊತ್ತಿನಲ್ಲಿ ತುಂಬಿಕೊಳ್ಳಲು ನಮ್ಮ ಆಹಾರದಲ್ಲಿ ಜಾಗವಿಲ್ಲ. ಮಾಂಸ ಮೊಟ್ಟೆ ತಿನ್ನುವವರಿಗೆ ಸ್ವಲ್ಪ ಸಡಿಲಿಕೆ ಇದೆ, ಒಂದು ಮೊಟ್ಟೆಯಲ್ಲಿಯೇ 6 ಗ್ರಾಂ ಸಿಗುತ್ತದೆ. ನಮಗಿಲ್ಲ. ಮೇಲಾಗಿ ವಯಸ್ಸಾದ ಸ್ನಾಯುವಿಗೆ ಕಿವಿ ಮಂದ. ಯುವಕರ ಸ್ನಾಯು ಒಂದು ಊಟದಲ್ಲಿ ಪ್ರತಿ ಕೆಜಿಗೆ 0.24 ಗ್ರಾಂ ಬಂದರೆ ಪೂರ್ತಿ ಎಚ್ಚರಗೊಳ್ಳುತ್ತದೆ, ಮುದುಕರದಕ್ಕೆ 0.4 ಗ್ರಾಂ ಬೇಕು ಎಂದು 2015ರ ಒಂದು ವಿಶ್ಲೇಷಣೆ ಲೆಕ್ಕ ಕೊಟ್ಟಿತು. ನನ್ನ ತೂಕಕ್ಕೆ ಹೊತ್ತಿಗೆ ಸುಮಾರು 25 ಗ್ರಾಂ. ನಮ್ಮ ಅವಲಕ್ಕಿ, ಉಪ್ಪಿಟ್ಟು, ಎರಡು ಇಡ್ಲಿಯ ಬೆಳಗು ಐದಾರು ಗ್ರಾಮಿನ ಮೇಲೆ ಹೋಗುವುದೇ ಇಲ್ಲ. ರಾತ್ರಿಯ ಹಣ್ಣು ಒಂದು. ಅಂದರೆ ಎರಡು ಹೊತ್ತು ತೊಡೆಗಳನ್ನು ನಾವು ಕೂಗಿಯೇ ಇಲ್ಲ.

ಅಕ್ಕಿ, ರಾಗಿ, ಜೋಳಗಳಲ್ಲೂ ಪ್ರೋಟೀನು ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಧಾನ್ಯಗಳಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಅನುರ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರ ಮೇಲೆಯೇ ಪ್ರಯೋಗ ನಡೆಸಿ, ನಮಗೆ ಬೇಕಾದ ಲೈಸಿನ್ 1985ರಲ್ಲಿ ವಿಶ್ವಸಂಸ್ಥೆಯ ತಜ್ಞರು ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚೆಂದು ತೋರಿಸಿದರು. ಕಾಳಿನಲ್ಲಿ ಅದು ಧಾರಾಳ. ಮುದ್ದೆಗೆ ಕಾಳಿನ ಸಾರು, ದೋಸೆಗೆ ಉದ್ದು ಎಂಬ ಜೋಡಿಯನ್ನು ನಮ್ಮ ಹಿರಿಯರು ಯಾವ ಪ್ರಯೋಗಶಾಲೆಯೂ ಇಲ್ಲದೆ ಕಟ್ಟಿದ್ದರು. ತೂಕ ಇಳಿಸಲು ಹೊರಟವರು ಮೊದಲು ಮುರಿಯುವುದು ಈ ಜೋಡಿಯನ್ನೇ. ತಿಳಿಸಾರು ಉಳಿಸಿಕೊಂಡು ಕಾಳನ್ನು ಬಿಡುತ್ತಾರೆ, ಮಜ್ಜಿಗೆಯ ನೀರು ಉಳಿಸಿಕೊಂಡು ಮೊಸರನ್ನು ಬಿಡುತ್ತಾರೆ.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವುದನ್ನು ಹೇಳುತ್ತೇನೆ. ಇದು ನನ್ನೊಬ್ಬನ ಕ್ರಮ, ಔಷಧದ ಚೀಟಿಯಲ್ಲ. ಬೆಳಗ್ಗೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ಎರಡು ದೋಸೆ, ಮೊಸರು, ಒಂದು ಲೋಟ ಹಾಲು. 23 ಗ್ರಾಂ. ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಬಸ್ಸಾರು, ಬಸಿದ ಕಾಳಿನ ಪಲ್ಯ, ಒಂದು ಬಟ್ಟಲು ಗಟ್ಟಿ ಮೊಸರು. 22. ಸಂಜೆ ಒಂದು ಹಿಡಿ ಹುರಿದ ಕಡಲೆಕಾಯಿ, 5. ರಾತ್ರಿ ಒಂದು ಜೋಳದ ರೊಟ್ಟಿ, 30 ಗ್ರಾಂ ಸೋಯಾ ಉಂಡೆ ಹಾಕಿದ ಪಲ್ಯ, ಸ್ವಲ್ಪ ಹಾಲು. 24. ಒಟ್ಟು 74 ಗ್ರಾಂ. ಎಣ್ಣೆ, ಸಕ್ಕರೆ, ಅನ್ನದ ರಾಶಿ, ಹಬ್ಬವಿಲ್ಲದ ದಿನದ ಹೋಳಿಗೆ, ಇವುಗಳಿಗೆ ಕತ್ತರಿ ಬಿದ್ದಿದೆ. ತೂಕ ಇಳಿಯಬೇಕಾದರೆ ಕತ್ತರಿ ಬೀಳಲೇಬೇಕು, ಬೀಳುವ ಜಾಗ ಮಾತ್ರ ಇದು. ಬಸ್ಸಾರಿನ ವಿಷಯದಲ್ಲಿ ಒಂದು ಗೃಹಛಿದ್ರವನ್ನೂ ಬಯಲಿಗಿಡುತ್ತೇನೆ. ಕಾಳಿನ ಪಲ್ಯ ನನಗೆ ಹೋಗಿ, ಕಟ್ಟಿನ ಸಾರು ಮಾತ್ರ ನಮ್ಮ ಮನೆಯಾಕೆಯ ತಟ್ಟೆಗೆ ಉಳಿಯುತ್ತಿತ್ತು. ನಲವತ್ತೈದು ವರ್ಷ ನಾನು ಗಮನಿಸಿಯೇ ಇರಲಿಲ್ಲ. ಈಗ ಬಡಿಸುವ ಸೌಟು ನನ್ನ ಕೈಯಲ್ಲಿದೆ. ಅವಳ ವಯಸ್ಸು 66, ಅವಳ ಮೂಳೆಗಳೂ ನನ್ನವಕ್ಕಿಂತ ಗಟ್ಟಿಯೇನಲ್ಲ. ನನ್ನ ವಿದ್ಯಾರ್ಥಿಗಳಾದ ಗಂಡಸರು ಈ ವಾಕ್ಯವನ್ನು ಎರಡು ಸಲ ಓದಬೇಕು.

ಮೂತ್ರಪಿಂಡದ ತೊಂದರೆ ಇರುವವರು ಈ ಅಂಕಿಗಳನ್ನು ತಮಗೆ ಅನ್ವಯಿಸಿಕೊಳ್ಳಬಾರದು, ಅವರ ಲೆಕ್ಕ ಬೇರೆ, ಅದನ್ನು ಅವರ ವೈದ್ಯರೇ ಹೇಳಬೇಕು. ಇನ್ನು 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ತೂಕ ಇಳಿಸುವ ಚುಚ್ಚುಮದ್ದುಗಳನ್ನು ನಿಮ್ಮಲ್ಲಿ ಕೆಲವರು ಹಾಕಿಸಿಕೊಳ್ಳುತ್ತಿದ್ದೀರೆಂದು ತಿಳಿದಿದೆ. ಅದು ವೈದ್ಯರ ಮತ್ತು ನಿಮ್ಮ ನಡುವಿನ ವಿಷಯ, ನಾನು ತಲೆಹಾಕುವುದಿಲ್ಲ. ಆದರೆ ಹಸಿವೇ ಆಗದಾಗ ಮೊದಲು ಬಿಟ್ಟುಹೋಗುವುದು ಕಾಳು ಮೊಸರುಗಳೇ, ಅಲ್ಲಿಯೂ ಇಳಿದ ತೂಕದಲ್ಲಿ ಕೊಬ್ಬಲ್ಲದ ಪಾಲು ಸಣ್ಣದಲ್ಲ. ಹಾಗಾಗಿ ಅವರಿಗೆ ನನ್ನ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಕೊನೆಗೆ ಒಂದು ಕ್ಷಮಾಪಣೆ ಬಾಕಿ ಇದೆ. ಆ ಭೌತಚಿಕಿತ್ಸಕ ಯುವಕ ಬರೆದುಕೊಟ್ಟ ವ್ಯಾಯಾಮದ ಮೊದಲನೆಯ ಸಾಲಿನಲ್ಲಿ ಇದ್ದದ್ದು ಏನು ಗೊತ್ತೇ? ಬಸ್ಕಿ! ಮೊದಲು ಕುರ್ಚಿ ಹಿಡಿದು, ಆಮೇಲೆ ಹಿಡಿಯದೆ, ಆಮೇಲೆ ಎರಡು ಕೈಯಲ್ಲೂ ಎರಡೆರಡು ಲೀಟರಿನ ನೀರಿನ ಬಾಟಲಿ ಹಿಡಿದು. 1994ರಲ್ಲಿ ಗೃಹಪಾಠ ತರದ ಹನ್ನೊಂದು ಮಂದಿಗೆ ಧ್ವಜಕಂಬದ ಮುಂದೆ ತಲಾ ಐವತ್ತು ಬಸ್ಕಿ ಹೊಡೆಸಿದ ಪುಣ್ಯಾತ್ಮ ನಾನು. ಮೊದಲ ದಿನ ನಾನು ಹೊಡೆದದ್ದು ನಾಲ್ಕು, ಅದೂ ಕುರ್ಚಿ ಹಿಡಿದು. ಆ ಹನ್ನೊಂದು ಮಂದಿಯಲ್ಲಿ ಒಬ್ಬನಿಗೆ ಫೋನು ಮಾಡಿ ಹೇಳಿದೆ. "ಎಣಿಸೋಕೆ ನಾನು ಬರಲಾ ಸಾರ್?" ಎಂದ.

ಈಗ ಕುರ್ಚಿಯಿಂದ ಮೂವತ್ತು ಸೆಕೆಂಡಿಗೆ ಹದಿನಾಲ್ಕು ಸಲ ಏಳುತ್ತೇನೆ. ತೂಕ 66, ಎರಡು ಕೆಜಿ ಹೆಚ್ಚಿದೆ, ಷರಾಯಿಗಳು ಹಾಗೆಯೇ ಹಿಡಿಯುತ್ತವೆ. ಬರುವ ವೈಶಾಖದಲ್ಲಿ ನನ್ನ ಅಕ್ಕನ ಮೊಮ್ಮಗನ ಉಪನಯನ ಅರಸೀಕೆರೆಯಲ್ಲಿದೆ. ವಯಸ್ಸಾದವರಿಗೆ ಮೇಜು ಕುರ್ಚಿಯ ವ್ಯವಸ್ಥೆ ಮಾಡಿದ್ದೇವೆಂದು ಅವರು ಹೇಳಿಕಳಿಸಿದ್ದಾರೆ. ನನಗೆ ನೆಲದ ಮೇಲೆ ಎಲೆ ಹಾಕಿಸಿ ಎಂದು ಉತ್ತರ ಬರೆದಿದ್ದೇನೆ.